ಬಿಸಿಲಲ್ಲಿರುವ ಕಲ್ಲು

(ವಿದ್ಯಾರ್ಥಿನಿಲಯದ ಗೆಳೆಯರು ಕರೆದಿದ್ದ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೇ ಉಳಿಸಿದೆ.)

ಗೆಳೆಯರೆ,

‘ಜನಪದ ಮತ್ತು ಸಾಹಿತ್ಯ’ ಅಂತ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಈ ವಿಷಯದ ಮೇಲೆ ನೀವೆಲ್ಲ ಕಾಲೇಜಿನಲ್ಲಿ ನೋಟ್ಸು ಬರೆದುಕೊಂಡಿದ್ದೀರಿ. ನಾನೂ ಬರೆದುಕೊಂಡವನೇ. ಜನಪದ ಅಂದರೆ ಸಂಪತ್ತು, ಜನಪದ ಅಂದರೆ ತಾಯಿಬೇರು, ಐದು ಅಂಕಕ್ಕೆ ಒಂದು ಟಿಪ್ಪಣಿ. ಆದರೆ ಆ ಸಂಪತ್ತು ಯಾರದು, ಅದನ್ನು ಬರೆದುಕೊಂಡು ಹೋದವರು ಯಾರು, ಬರೆದುಕೊಂಡು ಹೋದ ಮೇಲೆ ಹಾಡಿದವಳ ಪಾಲಿಗೆ ಏನು ಬಂತು, ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲ್ಲ. ಈ ಪ್ರಶ್ನೆಯನ್ನು ಮೈಮೇಲೆ ಹಾಕಿಕೊಂಡು ಒದ್ದಾಡಿದ ಒಂದು ನಾಡಿದೆ. ಅದು ಹೈಟಿ. ಇವತ್ತು ಆ ನಾಡಿನ ರೈತರು, ಅವರ ಹಾಡು ಕತೆ, ಅವರ ಮೇಲೆ ಬಂದ ಕಾದಂಬರಿ, ಇಷ್ಟನ್ನು ಕುರಿತು ಮಾತಾಡ್ತೀನಿ.

ಅಲ್ಲಿನ ರೈತರ ಬಾಯಲ್ಲಿ ಒಂದು ಗಾದೆ ಇದೆ. ನೀರೊಳಗಿರೋ ಕಲ್ಲಿಗೆ ಬಿಸಿಲಲ್ಲಿರೋ ಕಲ್ಲಿನ ನೋವು ಗೊತ್ತಾಗಲ್ಲ ಅಂತ. ಇದನ್ನು ಯಾವ ಪಂಡಿತನೂ ಬರೆದಿದ್ದಲ್ಲ. ಅಕ್ಷರ ಗೊತ್ತಿಲ್ಲದ ಜನ ಆಡಿದ ಮಾತು. ಈ ಒಂದು ಮಾತನ್ನು ಹಿಡಕೊಂಡೇ ಇವತ್ತು ಮುಂದಕ್ಕೆ ಹೋಗೋಣ.

ಹೈಟಿ ಕೆರಿಬಿಯನ್ ಸಮುದ್ರದ ಒಂದು ದ್ವೀಪದ ಪಶ್ಚಿಮದ ಭಾಗ. ಪೂರ್ವದ ಭಾಗ ಡೊಮಿನಿಕನ್ ರಿಪಬ್ಲಿಕ್. ಹದಿನೆಂಟನೆಯ ಶತಮಾನದಲ್ಲಿ ಅದು ಫ್ರಾನ್ಸಿನ ವಸಾಹತು. ಆಫ್ರಿಕದಿಂದ ಹಿಡಿದು ತಂದ ಸುಮಾರು 5 ಲಕ್ಷ ಜನ ಗುಲಾಮರು ಅಲ್ಲಿ ಕಬ್ಬು, ಕಾಫಿ ಬೆಳೆಯುತ್ತಿದ್ದರು. ಯುರೋಪಿನವರು ಕುಡಿಯುವ ಕಾಫಿ, ಅದಕ್ಕೆ ಹಾಕುವ ಸಕ್ಕರೆ ಇವರ ಬೆನ್ನಿನ ಬಾಸುಂಡೆಯಿಂದ ಬರುತ್ತಿತ್ತು. 1791ರ ಆಗಸ್ಟಿನಲ್ಲಿ ಈ ಜನ ದಂಗೆ ಎದ್ದರು. ಹದಿಮೂರು ವರ್ಷದ ಒಳಗೆ ನೆಪೋಲಿಯನ್ನನ ದಂಡನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದೆವು ಅಂತ ಸಾರಿದರು. ಗುಲಾಮರೇ ದಂಗೆ ಎದ್ದು, ಗೆದ್ದು, ತಮ್ಮದೇ ರಾಜ್ಯ ಕಟ್ಟಿದ್ದು ಜಗತ್ತಿನಲ್ಲಿ ಅದೊಂದೇ ಕಡೆ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಫ್ರಾನ್ಸಿನ ಕ್ರಾಂತಿ ಇತ್ತು. ಇದು ಇರಲಿಲ್ಲ.

ಇಷ್ಟಕ್ಕೇ ಧಣಿಗಳು ಬಿಡಲಿಲ್ಲ. 1825ರಲ್ಲಿ ಫ್ರಾನ್ಸಿನ ದೊರೆ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, ನಿಮ್ಮನ್ನು ದೇಶ ಅಂತ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಅಂದ. ಏತಕ್ಕೆ ಗೊತ್ತಾ? ಧಣಿಗಳು ಕಳೆದುಕೊಂಡ ಆಸ್ತಿಗೆ ಪರಿಹಾರ. ಗುಲಾಮನಿಗೆ ಪರಿಹಾರ ಅಲ್ಲ, ಗುಲಾಮನನ್ನು ಕಳೆದುಕೊಂಡವನಿಗೆ ಪರಿಹಾರ! 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಮಾಡಿದ ಸಾಲ, ಸಾಲದ ಮೇಲಿನ ಸಾಲ ಎಲ್ಲ ಮುಗಿದದ್ದು 1947ರಲ್ಲಿ. ಆ ದುಡ್ಡು ಬಹುಪಾಲು ಬಂದದ್ದು ಕಾಫಿಯ ಮೇಲಿನ ಸುಂಕದಿಂದ. ಕಾಫಿ ಬೆಳೆದವನು ಬೆಟ್ಟದ ಮೇಲಿನ ಬಡ ರೈತ.

ಇನ್ನು ನಾಡಿನ ಒಳಗಿನ ಕತೆ ಕೇಳಿ. ಬಿಳಿಯ ಧಣಿ ಹೋದ. ಪಟ್ಟಣದಲ್ಲಿ ಬೇರೆ ಧಣಿ ಹುಟ್ಟಿಕೊಂಡ. ಸೇನಾಧಿಕಾರಿಗಳು, ವ್ಯಾಪಾರಿಗಳು, ಓದಿದವರು. ಇವರ ಭಾಷೆ ಫ್ರೆಂಚ್. ಕಾನೂನು, ಶಾಲೆ, ಕೋರ್ಟು ಎಲ್ಲ ಫ್ರೆಂಚಿನಲ್ಲಿ. ಆದರೆ ಇಡೀ ನಾಡು ಆಡುವ ಮಾತು ಕ್ರಿಯೋಲ್. ತೋಟದ ಗುಲಾಮರ ನಡುವೆ, ಫ್ರೆಂಚಿನ ಪದಗಳು ಆಫ್ರಿಕದ ನಾಲಿಗೆಯಲ್ಲಿ ಹೊರಳಿ ಹುಟ್ಟಿದ ಭಾಷೆ ಅದು. 1826ರಲ್ಲಿ ಒಂದು ಗ್ರಾಮ ಕಾಯಿದೆ ಮಾಡಿ ರೈತ ತಾನು ದುಡಿಯುವ ಜಮೀನು ಬಿಟ್ಟು ಅಲುಗಬಾರದು ಅಂದರು. ಆ ಕಾಯಿದೆಯನ್ನು ಓದುವುದಕ್ಕೂ ರೈತನಿಗೆ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಹುಟ್ಟಿದ ಕೂಸಿನ ಜನನ ಪತ್ರದಲ್ಲೇ ‘ರೈತ’ ಅಂತ ಮುದ್ರೆ ಒತ್ತುವ ಪದ್ಧತಿ ಬಹಳ ಕಾಲ ಇತ್ತು.

ಹಳ್ಳಿಯವರಿಗೆ ಪಟ್ಟಣದವರು ಒಂದು ಹೆಸರು ಇಟ್ಟಿದ್ದಾರೆ. ‘ಮೂನ್ ಆಂದೆಯೊ’ ಅಂತ. ಹಾಗಂದರೆ ‘ಹೊರಗಿನ ಜನ’. ಗೆಳೆಯರೆ, ಈ ಪದ ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಊರು ಬೇರೆ, ಕೇರಿ ಬೇರೆ. ಊರಿನವರು, ಊರ ಹೊರಗಿನವರು. ಈ ಮಾತಿಗೆ ನಿಮಗೆ ಅರ್ಥ ಹೇಳಬೇಕಾ?

ಹಾಗಂತ ಹೈಟಿಯೂ ನಮ್ಮ ಕೇರಿಯೂ ಒಂದೇ ಅಂತ ನಾನು ಹೇಳಲ್ಲ. ಅಲ್ಲಿ ಮೈಬಣ್ಣದ ಲೆಕ್ಕ, ಭಾಷೆಯ ಲೆಕ್ಕ. ಇಲ್ಲಿ ಜಾತಿಯ ಲೆಕ್ಕ, ಮುಟ್ಟುವ ಮುಟ್ಟದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ದೂರದ ನೋವನ್ನು ತಿಳಿದುಕೊಳ್ಳಬೇಕು ಅಂತ ನಮಗೆ ತೋರಿಸಿದವರು ಬಾಬಾಸಾಹೇಬರೇ. 1946ರಲ್ಲಿ ಅವರು ಅಮೆರಿಕದ ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನ ವಿಶ್ವಸಂಸ್ಥೆಗೆ ಕೊಡುವ ಮನವಿಯ ಪ್ರತಿ ನಮಗೂ ಬೇಕು ಅಂತ ಕೇಳಿದ್ದರು. ಆ ಡು ಬಾಯ್ಸರ ತಂದೆ ಹುಟ್ಟಿದ್ದು ಹೈಟಿಯಲ್ಲಿ.

ಈಗ ಈ ‘ಹೊರಗಿನ ಜನ’ದ ಹತ್ತಿರ ಏನಿತ್ತು ನೋಡೋಣ. ಅಕ್ಷರ ಇರಲಿಲ್ಲ. ಹೊಲ ಇತ್ತು. ಒಂದು ತುಂಡು ನೆಲಕ್ಕಾಗಿ ಅವರು ಪ್ರಾಣ ಬಿಡುತ್ತಿದ್ದರು, ಯಾಕಂದರೆ ಧಣಿಯ ತೋಟಕ್ಕೆ ವಾಪಸು ಹೋಗುವುದು ಅವರಿಗೆ ಸಾವಿಗೆ ಸಮ. ಆ ಹೊಲದಲ್ಲಿ ಅವರು ಕಟ್ಟಿಕೊಂಡ ಪದ್ಧತಿಯ ಹೆಸರು ‘ಕೊಂಬಿಟ್’. ನಮ್ಮ ಕಡೆ ಮುಯ್ಯಾಳು ಅಂತೀವಲ್ಲ, ಹಾಗೆ. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನನ್ನ ಹೊಲಕ್ಕೆ ನೀವೆಲ್ಲ. ಬೆಳಗ್ಗೆ ಶಂಖ ಊದುತ್ತಾರೆ. ಗುದ್ದಲಿ ಮಚ್ಚು ಹಿಡಿದು ಜನ ಬರುತ್ತಾರೆ, ಸಾಲಾಗಿ ನಿಲ್ಲುತ್ತಾರೆ. ತಮಟೆಯಂಥ ವಾದ್ಯ ಹಿಡಿದು ಒಬ್ಬ ಮುಂದೆ ನಿಲ್ಲುತ್ತಾನೆ. ಅವನನ್ನು ‘ಸಿಮಿಡೋರ್’ ಅಂತಾರೆ. ಅವನು ಒಂದು ಸೊಲ್ಲು ಎತ್ತಿದರೆ ಸಾಲಿನ ಜನ ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಆ ಸೊಲ್ಲಿಗೆ ಸರಿಯಾಗಿ ಗುದ್ದಲಿ ಏಳುತ್ತದೆ, ಬೀಳುತ್ತದೆ. ಸಿಮಿಡೋರ್ ಸುಮ್ಮನೆ ಹಾಡುವವನಲ್ಲ. ಯಾರು ಮೈಗಳ್ಳ, ಯಾವ ಅಧಿಕಾರಿ ಲಂಚಕೋರ, ಯಾವ ಊರಲ್ಲಿ ಏನಾಯಿತು, ಎಲ್ಲ ಆ ಹಾಡಿನೊಳಗೆ ಬರುತ್ತದೆ. ಅವನೇ ಅವರ ಪತ್ರಿಕೆ. ಸಂಜೆ ಹೊಲದ ಯಜಮಾನನ ಮನೆಯಲ್ಲಿ ಊಟ, ಕಬ್ಬಿನ ಸಾರಾಯಿ. ಇದರಲ್ಲೂ ಮೋಸ ಇಲ್ಲ ಅನ್ನಬೇಡಿ. ಹೆಚ್ಚು ಜಮೀನು ಇದ್ದವನು ಒಂದು ಹೊತ್ತಿನ ಊಟ ಹಾಕಿ, ತಮಟೆ ಬಾರಿಸಿ, ಕೂಲಿ ಕೊಡದೆ ಇಡೀ ದಿನ ದುಡಿಸಿಕೊಂಡದ್ದೂ ಉಂಟು. ಹಾಡು ಇದ್ದ ಮಾತ್ರಕ್ಕೆ ನ್ಯಾಯ ಇತ್ತು ಅಂತ ಅಲ್ಲ.

ರಾತ್ರಿಗೆ ಕತೆ. ಕತೆ ಹೇಳುವವಳು ಮೊದಲು ‘ಕ್ರಿಕ್?’ ಅಂತ ಕೇಳುತ್ತಾಳೆ. ಕೂತವರು ‘ಕ್ರಾಕ್!’ ಅನ್ನಬೇಕು. ಅನ್ನದಿದ್ದರೆ ಕತೆ ಇಲ್ಲ. ಒಗಟಿಗೆ ಬೇರೆ. ಒಗಟು ಹಾಕುವವಳು ‘ತಿಮ್ ತಿಮ್’ ಅಂದರೆ ಉಳಿದವರು ‘ಒಣ ಕಟ್ಟಿಗೆ’ ಅಂತ ಕೂಗಬೇಕು. ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟದೆ ಇದ್ದರೆ ‘ಮಲಗಿದ್ಯೇನ್ಲಾ’ ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಅದೇ ಕಟ್ಟಳೆ. ಕೇಳುವವನ ಉಸಿರು ಸೇರದೆ ಕತೆ ಮುಂದಕ್ಕೆ ಹೋಗಲ್ಲ. ಪುಸ್ತಕಕ್ಕೆ ಈ ಕಟ್ಟಳೆ ಇಲ್ಲ. ಯಾರೂ ಹೂಂ ಅನ್ನದಿದ್ದರೂ ಪುಸ್ತಕ ತನ್ನ ಪಾಡಿಗೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಆ ಕತೆಗಳಲ್ಲಿ ಇಬ್ಬರು ಸದಾ ಬರುತ್ತಾರೆ. ಒಬ್ಬ ಬೂಕಿ. ಹೊಟ್ಟೆಬಾಕ, ಪೆದ್ದ, ಯಾವಾಗಲೂ ಮೋಸ ಹೋಗುವವನು. ಇನ್ನೊಬ್ಬ ತಿ ಮಾಲಿಸ್. ಚಿಕ್ಕವನು, ಚಾಲಾಕಿ, ಬೂಕಿಯ ತಟ್ಟೆಯಿಂದಲೇ ಕದ್ದು ತಿನ್ನುವವನು. ಬೂಕಿ ಅನ್ನುವ ಹೆಸರು ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಯದು, ಕತ್ತೆಕಿರುಬ ಅಂತ ಅರ್ಥ. ನೋಡಿ, ಸರಪಳಿ ಹಾಕಿ ಹಡಗಿನ ತಳಕ್ಕೆ ತುಂಬಿದರು, ಹೆಸರು ಕಿತ್ತುಕೊಂಡರು, ದೇವರನ್ನು ಕಿತ್ತುಕೊಂಡರು. ಆದರೂ ಒಂದು ಕತ್ತೆಕಿರುಬ ಆ ಜನರ ಬಾಯಲ್ಲಿ ಕೂತು ಸಮುದ್ರ ದಾಟಿತು!

ಇಷ್ಟೆಲ್ಲ ಇದ್ದರೂ ನೂರು ವರ್ಷಕ್ಕೂ ಮೀರಿ ಹೈಟಿಯ ಓದಿದ ಜನಕ್ಕೆ ಇದರಿಂದ ನಾಚಿಕೆ. ಪ್ಯಾರಿಸಿನ ಹಾಗೆ ಪದ್ಯ ಬರೆದರೆ ಹೆಮ್ಮೆ. ಈ ನಿದ್ದೆ ಕೆಟ್ಟದ್ದು 1915ರಲ್ಲಿ. ಆ ವರ್ಷ ಅಮೆರಿಕದ ಸೈನ್ಯ ಬಂದು ಹೈಟಿಯನ್ನು ಹಿಡಿಯಿತು. 1934ರವರೆಗೆ ಕೂತಿತು. ರಸ್ತೆ ಮಾಡಿಸುವುದಕ್ಕೆ ರೈತರನ್ನು ಬಿಟ್ಟಿ ದುಡಿತಕ್ಕೆ ಎಳೆದೊಯ್ದರು. ರೈತರು ಆಯುಧ ಹಿಡಿದರು. ಅವರ ಮುಖಂಡ ಶಾರ್ಲ್‌ಮಾನ್ ಪೆರಾಲ್ಟ್‌ನನ್ನು 1919ರಲ್ಲಿ ಕೊಂದು, ಹೆಣವನ್ನು ಬಾಗಿಲಿಗೆ ಕಟ್ಟಿ ಫೋಟೋ ತೆಗೆದು, ಜನ ಹೆದರಲಿ ಅಂತ ಹಂಚಿದರು. ಅಮೆರಿಕದ ಸಿಪಾಯಿಯ ಕಣ್ಣಿಗೆ ಪಟ್ಟಣದ ಫ್ರೆಂಚ್ ಪಂಡಿತನೂ ಒಂದೇ, ಬೆಟ್ಟದ ರೈತನೂ ಒಂದೇ. ಇಬ್ಬರೂ ಕಪ್ಪು. ಆಗ ಓದಿದವರಿಗೆ ಪೆಟ್ಟು ತಾಗಿತು. ನೀರೊಳಗಿನ ಕಲ್ಲಿಗೂ ಬಿಸಿಲು ಮುಟ್ಟಿತು.

1928ರಲ್ಲಿ ಝಾಂ ಪ್ರೈಸ್ ಮಾರ್ಸ್ ಎಂಬ ವೈದ್ಯರು ಒಂದು ಪುಸ್ತಕ ತಂದರು. ‘ಮಾವ ಹೀಗೆಂದ’ ಅಂತ ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ನಮ್ಮ ಜನರ ಕತೆ, ಗಾದೆ, ಒಗಟು, ಹಾಡು, ಅವರ ವೊಡೂ ಎಂಬ ದೇವರ ಪದ್ಧತಿ, ಇವೆಲ್ಲ ಮೂಢತನ ಅಲ್ಲ, ಇದೇ ನಮ್ಮ ಸಂಸ್ಕೃತಿ ಅಂತ ಅವರು ವಾದ ಮಾಡಿದರು. ತಾನು ಏನಲ್ಲವೋ ಅದೇ ತಾನು ಅಂದುಕೊಂಡು ಬದುಕುವ ರೋಗ ನಮ್ಮ ಓದಿದವರಿಗೆಲ್ಲ ಹಿಡಿದಿದೆ ಅಂತ ಬೈದರು. ಈ ರೋಗ ಹಾಸ್ಟೆಲಿಗೂ ಬರುತ್ತೆ. ಮೊದಲ ವರ್ಷ ಬಂದಾಗ ನಮ್ಮ ಮಾತನ್ನು ಕಂಡು ಯಾರೋ ನಗುತ್ತಾರೆ. ಎರಡನೇ ವರ್ಷ ನಾವೇ ಹೊಸಬರ ಮಾತನ್ನು ಕಂಡು ನಗುತ್ತೀವಿ.

ಪ್ರೈಸ್ ಮಾರ್ಸ್ ತೆರೆದ ಬಾಗಿಲಿನಿಂದ ರೈತರ ಕಾದಂಬರಿಗಳು ಬಂದವು. ಅವುಗಳಲ್ಲಿ ದೊಡ್ಡದು ಜಾಕ್ ರೂಮೇನ್ ಬರೆದದ್ದು. ಹುಟ್ಟಿದ್ದು 1907ರಲ್ಲಿ, ಪಟ್ಟಣದ ದೊಡ್ಡ ಮನೆಯಲ್ಲಿ. ತಾಯಿಯ ತಂದೆ ದೇಶದ ಅಧ್ಯಕ್ಷನಾಗಿದ್ದವನು. ಓದಿದ್ದು ಯುರೋಪಿನಲ್ಲಿ. ಆದರೆ ಅಮೆರಿಕದ ಆಕ್ರಮಣದ ವಿರುದ್ಧ ಬರೆದು ಜೈಲಿಗೆ ಹೋದ. 1934ರಲ್ಲಿ ಹೈಟಿಯ ಕಮ್ಯುನಿಸ್ಟ್ ಪಕ್ಷ ಕಟ್ಟಿದ, ಮತ್ತೆ ಜೈಲು, ಆಮೇಲೆ ದೇಶಭ್ರಷ್ಟ. 1944ರಲ್ಲಿ ಕಾದಂಬರಿ ಮುಗಿಸಿ ಒಂದೆರಡು ತಿಂಗಳಲ್ಲೇ ಸತ್ತ. ವಯಸ್ಸು 37. ಪುಸ್ತಕ ಅಚ್ಚಾದದ್ದನ್ನು ಅವನು ನೋಡಲಿಲ್ಲ. 1947ರಲ್ಲಿ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಮರ್ಸರ್ ಕುಕ್ ಇಬ್ಬರೂ ಸೇರಿ ಇಂಗ್ಲಿಷಿಗೆ ತಂದರು.

ಹೆಸರು ‘ಇಬ್ಬನಿಯ ಒಡೆಯರು’. ಹೊಲಗಳಿಗೆ ನೀರು ಹಂಚುವವನಿಗೆ ಹಳ್ಳಿಯ ಜನ ಕರೆಯುತ್ತಿದ್ದ ಹೆಸರಿನಿಂದ ಇದು ಬಂತು ಅಂತಾರೆ. ನಮ್ಮ ಕೋಲಾರದ ಕಡೆ ಕೆರೆ ಇರುವ ಊರುಗಳಲ್ಲಿ ನೀರಗಂಟಿ ಇರುತ್ತಿದ್ದನಲ್ಲ, ಅಂಥವನು. ನೀರಗಂಟಿ ಬಹಳ ಕಡೆ ನಮ್ಮ ಕೇರಿಯವನೇ. ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಡುವವನು ಇವನು. ಅದೇ ಊರಿನ ಬಾವಿ ಮುಟ್ಟುವ ಹಾಗಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಕೆರೆಗೆ ಬಾಬಾಸಾಹೇಬರು ಯಾಕೆ ಇಳಿದರು ಅನ್ನುವುದನ್ನು ತಿಳಿದ ನಮಗೆ ನೀರಿನ ಕತೆ ಬರೀ ಕತೆ ಅಲ್ಲ.

ಕಾದಂಬರಿಯ ಊರು ಫೋನ್ ರೂಜ್. ಮರ ಕಡಿದು ಕಡಿದು ಬೆಟ್ಟ ಬೋಳಾಗಿದೆ. ಮಳೆ ಇಲ್ಲ. ದೆಲಿರಾ ಎಂಬ ಮುದುಕಿ ಧೂಳಲ್ಲಿ ಕೈಯಿಟ್ಟು ಸಾವಿನ ಮಾತಾಡುವುದರಿಂದ ಕತೆ ಶುರು. ಅವಳ ಮಗ ಮನುವೆಲ್ ಕ್ಯೂಬಾದಲ್ಲಿ ಹದಿನೈದು ವರ್ಷ ಕಬ್ಬು ಕಡಿದು ವಾಪಸು ಬರುತ್ತಾನೆ. ಅಲ್ಲಿ ಅವನು ಕಲಿತು ಬಂದದ್ದು ಮುಷ್ಕರ. ಒಬ್ಬೊಬ್ಬನೇ ಇದ್ದರೆ ಬಡವ, ಒಟ್ಟಾದರೆ ಬಲ ಅನ್ನುವುದು. ಬಂದು ನೋಡಿದರೆ ಊರು ಎರಡು ಪಾಲಾಗಿದೆ. ಜಮೀನಿನ ಜಗಳದಲ್ಲಿ ರಕ್ತ ಹರಿದು, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕೊಂಬಿಟ್ ನಿಂತುಹೋಗಿದೆ. ಹಾಡೂ ನಿಂತುಹೋಗಿದೆ. ಜನ ಕೋಳಿ ಕುರಿ ಕೊಯ್ದು ಮಳೆಗೆ ಬೇಡಿಕೊಳ್ಳುತ್ತಿದ್ದಾರೆ. ಊರಿನ ಪೋಲೀಸು ಮುಖ್ಯಸ್ಥ ಇವರೆಲ್ಲ ಗುಳೆ ಹೋಗಲಿ, ಜಮೀನು ನನಗೆ ಬರಲಿ ಅಂತ ಕಾಯುತ್ತಾ ಕೂತಿದ್ದಾನೆ.

ಮನುವೆಲ್ ಬೆಟ್ಟ ಹುಡುಕಿ ನೀರಿನ ಸೆಲೆ ಕಾಣುತ್ತಾನೆ. ಆ ಜಾಗವನ್ನು ಮೊದಲು ತೋರಿಸುವುದು ತಾನು ಪ್ರೀತಿಸಿದ ಅನಾಯಿಸ್‌ಗೆ. ಅವಳು ವೈರಿ ಪಾಲಿನ ಹುಡುಗಿ. ಆ ನೀರು ಹೊಲಕ್ಕೆ ಬರಬೇಕಾದರೆ ಕಾಲುವೆ ತೋಡಬೇಕು. ತೋಡಲು ಎರಡೂ ಪಾಲಿನ ಕೈ ಬೇಕು. ಅನಾಯಿಸ್ ತನ್ನ ಕಡೆಯ ಹೆಂಗಸರನ್ನು ಒಪ್ಪಿಸುತ್ತಾಳೆ. ಹೊಟ್ಟೆಕಿಚ್ಚಿನಿಂದ ಒಬ್ಬ ಮನುವೆಲನನ್ನು ಇರಿಯುತ್ತಾನೆ. ಸಾಯುವಾಗ ಮನುವೆಲ್ ತಾಯಿಗೆ ಹೇಳುತ್ತಾನೆ, ಇರಿದವನ ಹೆಸರು ಬಾಯಿ ಬಿಡಬೇಡ ಅಂತ. ಹೆಸರು ಹೊರಬಿದ್ದರೆ ಮತ್ತೆ ರಕ್ತ, ಮತ್ತೆ ಎರಡು ಪಾಲು, ನೀರು ಬೆಟ್ಟದಲ್ಲೇ ಉಳಿಯುತ್ತದೆ. ದೆಲಿರಾ ಆ ಹೆಸರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಜನರ ಮುಂದೆ ನಿಲ್ಲುತ್ತಾಳೆ. ಕಡೆಗೆ ಕೊಂಬಿಟ್ ಮತ್ತೆ ಕೂಡುತ್ತದೆ. ಮುದಿ ಸಿಮಿಡೋರ್ ಅಂತ್ವಾನ್ ಮತ್ತೆ ವಾದ್ಯ ಹಿಡಿಯುತ್ತಾನೆ. ಕಾಲುವೆಯಲ್ಲಿ ನೀರು ಬರುತ್ತದೆ. ಅನಾಯಿಸಳ ಹೊಟ್ಟೆಯಲ್ಲಿ ಮನುವೆಲನ ಕೂಸು ಬೆಳೆಯುತ್ತಿದೆ.

ಎಲ್ಲರೂ ಮನುವೆಲನನ್ನು ಹೊಗಳುತ್ತಾರೆ. ನನಗೆ ದೊಡ್ಡವಳಾಗಿ ಕಾಣೋದು ಆ ತಾಯಿ. ಮಗನನ್ನು ಕೊಂದವನ ಹೆಸರನ್ನು ನುಂಗಿಕೊಂಡು ಊರಿಗೆ ನೀರು ಕುಡಿಸುವುದು ಸುಲಭದ ಕೆಲಸವಲ್ಲ. ಇದು ನಮಗೆ ಪಾಠ ಅಂತ ನಾನು ಹೇಳಲ್ಲ. ನಮ್ಮ ಕೇರಿಯವನನ್ನು ಕೊಂದವರ ಹೆಸರು ನಾವು ನುಂಗಬಾರದು, ಕೂಗಿ ಹೇಳಬೇಕು. ಆದರೆ ನಮ್ಮ ನಮ್ಮೊಳಗೇ, ಬಡವ ಬಡವನ ನಡುವೆ, ಎಡ ಬಲ ಅಂತ ಒಡೆದು ನಿಂತಾಗ ನಗುವ ಧಣಿ ಯಾರು ಅನ್ನುವುದನ್ನು ಆ ಮುದುಕಿ ತೋರಿಸುತ್ತಾಳೆ.

ಈಗ ಮೊದಲಿನ ಪ್ರಶ್ನೆಗೆ ಬರ್ತೀನಿ. ರೂಮೇನ್ ಕೊಂಬಿಟ್ಟಿನ ಲಯವನ್ನು ವಾಕ್ಯದೊಳಗೆ ತಂದ. ರೈತರ ಗಾದೆ, ಹಾಡು, ಮಾತಿನ ವರಸೆ ತಂದ. ಅವನ ಫ್ರೆಂಚು ಕ್ರಿಯೋಲಿನ ಕಡೆಗೆ ಬಾಗಿತು. 1941-42ರಲ್ಲಿ ಕ್ಯಾಥೊಲಿಕ್ ಚರ್ಚು ಸರ್ಕಾರದ ಬಲದಿಂದ ರೈತರ ಗುಡಿಗಳ ಮೇಲೆ ಬಿದ್ದು ಅವರ ಡೋಲುಗಳನ್ನು ಸುಡಿಸಿದಾಗ, ದೇವರನ್ನು ನಂಬದ ಈ ರೂಮೇನನೇ ಅದನ್ನು ವಿರೋಧಿಸಿ ಬರೆದ. ಮೊದಲು ಅವರ ಬಡತನ ಬಿಡಿಸಿ, ಡೋಲು ಸುಟ್ಟರೆ ಏನೂ ಬದಲಾಗಲ್ಲ ಅನ್ನುವುದು ಅವನ ವಾದ. ಇಷ್ಟೆಲ್ಲ ನಿಜ. ಆದರೆ ಪುಸ್ತಕ ಫ್ರೆಂಚಿನದು. ದೆಲಿರಾಳಂಥ ಒಬ್ಬಳು ಅದನ್ನು ಓದುವ ಹಾಗಿರಲಿಲ್ಲ. ಅವಳ ಮಾತು ಪುಸ್ತಕಕ್ಕೆ ಹೋಯಿತು, ಪುಸ್ತಕ ಅವಳ ಹತ್ತಿರ ಬರಲಿಲ್ಲ. ಯಾರೂ ಅವಳಿಗೆ ‘ಕ್ರಿಕ್?’ ಅಂತ ಕೇಳಲಿಲ್ಲ.

ಈ ಸಾಲವನ್ನು ಮುಂದಿನವರು ತೀರಿಸೋಕೆ ಹೊರಟರು. 1953ರಲ್ಲಿ ಫೆಲಿಕ್ಸ್ ಮೊರಿಸೊ ಲೆರ್ವಾ ಗ್ರೀಕರ ಅಂತಿಗೊನೆ ನಾಟಕವನ್ನು ಕ್ರಿಯೋಲಿಗೆ ತಂದ. ಇಷ್ಟು ದೊಡ್ಡ ಮಾತು ಈ ‘ಹೊರಗಿನವರ’ ಭಾಷೆಯಲ್ಲಿ ಆಗುತ್ತದಾ ಅಂತ ಕೇಳಿದವರ ಬಾಯಿ ಕಟ್ಟಿತು. 1970ರ ದಶಕದಲ್ಲಿ ಝಾಂ ದೊಮಿನಿಕ್ ನಡೆಸುತ್ತಿದ್ದ ರೇಡಿಯೊದಲ್ಲಿ ರೂಮೇನನ ಕಾದಂಬರಿಯೇ ಕ್ರಿಯೋಲ್ ನಾಟಕವಾಗಿ ಬಂತು. ಓದು ಬಾರದವರ ಕಿವಿಗೆ ಅವರ ಕತೆ ವಾಪಸು ಬಂತು. ಈ ದೊಮಿನಿಕ್ ಮೊದಲು ರೈತರ ನಡುವೆ ಕೆಲಸ ಮಾಡಿದ ಕೃಷಿ ತಜ್ಞ. ರೇಡಿಯೊದಲ್ಲಿ ಅವರ ಮಾತನ್ನೇ ಆಡಿದ. 2000ದ ಏಪ್ರಿಲ್ 3ರಂದು ರೇಡಿಯೊ ಕೇಂದ್ರದ ಅಂಗಳದಲ್ಲೇ ಅವನನ್ನು ಗುಂಡಿಟ್ಟು ಕೊಂದರು. ಹೊರಗಿನವರ ಭಾಷೆಯಲ್ಲಿ ಸತ್ಯ ಹೇಳುವುದಕ್ಕೆ ಬೆಲೆ ಎಷ್ಟು ನೋಡಿ.

1975ರಲ್ಲಿ ಫ್ರಾಂಕೆಟಿಯೆನ್ ‘ದೆಝಾಫಿ’ ಬರೆದ. ಕ್ರಿಯೋಲಿನ ಮೊದಲ ಪೂರ್ತಿ ಕಾದಂಬರಿ. ದೆಝಾಫಿ ಅಂದರೆ ಕೋಳಿ ಅಂಕದ ದೊಡ್ಡ ಕೂಟ. ದುವಾಲಿಯೆ ಮನೆತನದ ಸರ್ವಾಧಿಕಾರ ನಡೆಯುತ್ತಿದ್ದ ಕಾಲ ಅದು. ಬಾಯಿ ಬಿಟ್ಟರೆ ಜೈಲು. ಅವನು ಜನಪದದಿಂದ ಒಂದು ನಂಬಿಕೆ ಎತ್ತಿಕೊಂಡ. ಮಾಟಗಾರ ಸತ್ತವರನ್ನು ಎಬ್ಬಿಸಿ, ಬುದ್ಧಿ ಕಿತ್ತುಕೊಂಡು, ಹೊಲದಲ್ಲಿ ದುಡಿಸುತ್ತಾನೆ. ಅವರಿಗೆ ಝೊಂಬಿ ಅಂತ ಹೆಸರು. ಅವರಿಗೆ ಉಪ್ಪು ಹಾಕದ ಊಟವನ್ನೇ ಕೊಡಬೇಕು. ಉಪ್ಪು ನಾಲಿಗೆಗೆ ತಾಗಿದರೆ ಎಚ್ಚರವಾಗಿಬಿಡುತ್ತಾರೆ. ಕಾದಂಬರಿಯಲ್ಲಿ ಧಣಿಯ ಮಗಳೇ ಒಬ್ಬ ಝೊಂಬಿಯ ಮೇಲೆ ಮನಸ್ಸಾಗಿ ಅವನಿಗೆ ಉಪ್ಪು ಕೊಡುತ್ತಾಳೆ. ಅವನಿಗೆ ಎಚ್ಚರವಾಗುತ್ತದೆ. ಅವನು ಉಳಿದವರಿಗೆ ಕೊಡುತ್ತಾನೆ. ಎಲ್ಲರೂ ಎದ್ದು ಧಣಿಯನ್ನು ಮುಗಿಸುತ್ತಾರೆ. ಇದು ಯಾರ ಕತೆ ಅಂತ ಕೇಳಿದವರಿಗೆಲ್ಲ ಗೊತ್ತಾಯಿತು. ಜನಪದ ಅಂದರೆ ಐದು ಅಂಕದ ಟಿಪ್ಪಣಿ ಅಲ್ಲ, ಉಪ್ಪು ಅಂತ ಗೊತ್ತಾಯಿತು. 1987ರ ಸಂವಿಧಾನದಲ್ಲಿ ಕ್ರಿಯೋಲ್ ಫ್ರೆಂಚಿನ ಜೊತೆಗೆ ಆಡಳಿತ ಭಾಷೆ ಆಯಿತು. ಗುಲಾಮರ ಬಾಯಲ್ಲಿ ಹುಟ್ಟಿದ ಭಾಷೆ ಅಲ್ಲಿಗೆ ಬರಲು 1804ರಿಂದ 183 ವರ್ಷ ಹಿಡಿಯಿತು. ಕಾಗದದ ಮೇಲೆ ಬಂತು ಅಷ್ಟೆ. ಅಲ್ಲಿನ ಜನರೇ ಇನ್ನೊಂದು ಗಾದೆ ಹೇಳ್ತಾರೆ. ಸಂವಿಧಾನ ಕಾಗದ, ಬಂದೂಕಿನ ಮೊನೆ ಕಬ್ಬಿಣ.

ನಮ್ಮಲ್ಲೂ 1984ರಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ ಬರೆದಾಗ, ಇದನ್ನು ಕನ್ನಡಕ್ಕೆ ಅನುವಾದ ಮಾಡಿ ಅಂತ ನಗೆಯಾಡಿದವರಿದ್ದರು. ಹಾಗಾದರೆ ನಮ್ಮವ್ವ ಆಡೋದು ಯಾವ ಭಾಷೆ?

ಗೆಳೆಯರೆ, ನಾವು ಈಗ ಎಲ್ಲಿದ್ದೀವಿ? ಮೂರು ಹೊತ್ತು ಊಟ, ತಲೆಯ ಮೇಲೆ ಸೂರು, ಕೈಯಲ್ಲಿ ಪುಸ್ತಕ. ಇದು ಯಾರ ಭಿಕ್ಷೆಯೂ ಅಲ್ಲ, ಬಾಬಾಸಾಹೇಬರ ಹೋರಾಟ ಕೊಟ್ಟದ್ದು. ಆದರೆ ಮನೆಯಲ್ಲಿ ಅವ್ವ ಬಿಸಿಲಲ್ಲೇ ಇದ್ದಾಳೆ. ನಾವು ಒಂದು ಕಾಲು ನೀರಿಗೆ ಇಟ್ಟಿದ್ದೀವಿ. ನೀರೊಳಗಿನ ಕಲ್ಲಾಗೋಕೆ ಬಹಳ ಹೊತ್ತು ಬೇಕಾಗಿಲ್ಲ. ರೂಮೇನ್ ನೀರಿನಲ್ಲಿ ಹುಟ್ಟಿ ಬಿಸಿಲಿಗೆ ಬಂದ. ನಾವು ಬಿಸಿಲಿನಲ್ಲಿ ಹುಟ್ಟಿದವರು. ನಮಗೆ ನೆಪ ಇಲ್ಲ.

ರಜಕ್ಕೆ ಊರಿಗೆ ಹೋದಾಗ ಅವ್ವ, ಅಜ್ಜಿ ಹಾಡೋದನ್ನ ಬರಕೊಂಡು ಬನ್ನಿ ಅಂತ ಮೇಷ್ಟ್ರು ಹೇಳ್ತಾರೆ. ಬರಕೊಳ್ಳಿ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ನೀವು ಬರೆದ ಪದ್ಯ, ನೀವು ಬರೆದ ಕತೆ, ಅವಳ ಮುಂದೆ ಕೂತು ಗಟ್ಟಿಯಾಗಿ ಓದಿ. ಅವಳು ಹೂಂಗುಟ್ಟುತ್ತಾಳಾ ನೋಡಿ. ಹೂಂಗುಟ್ಟಿದರೆ ನೀವು ಬರೆದದ್ದು ಬದುಕಿದೆ. ‘ಏನ್ಲಾ ಅದು, ಯಾರ ಮಾತ್ಲಾ’ ಅಂದರೆ ಹಾಳೆ ಹರಿದು ಮತ್ತೆ ಕೂರಿ. ನಾನು ಎರಡು ಸಲ ಹರಿದಿದ್ದೀನಿ. ಮೂರನೆಯದನ್ನು ಇನ್ನೂ ಓದಿಲ್ಲ, ಹೆದರಿಕೆ.

ಜೈ ಭೀಮ್.